ಜೌಗಿನ ಸಾಕ್ಷ್ಯ

ಕರ್ನಾಟಕದ ಕಂದಾಯ ದಾಖಲೆಗಳಲ್ಲಿ ‘ಖರಾಬು’ ಎಂಬುದೊಂದು ಪದವಿದೆ. ಸಾಗುವಳಿಗೆ ಒದಗದ ನೆಲಕ್ಕೆ ಪಹಣಿಯಲ್ಲಿ ಬೀಳುವ ಹೆಸರು ಅದು. ಹೊರಗಿನಿಂದ ಬಂದು ಕನ್ನಡದಲ್ಲಿ ನೆಲೆಯೂರಿದ ಈ ಮಾತಿನ ಮೂಲಾರ್ಥ ಕೆಟ್ಟದ್ದು, ಹಾಳಾದದ್ದು ಎಂದು. ಆ ನೆಲದಲ್ಲಿ ಹುಲ್ಲು ಬೆಳೆಯುವ ಕಡೆಗಳಿಗೆ ಕನ್ನಡದ ಜನ ಬೇರೆ ಹೆಸರುಗಳನ್ನು ಇಟ್ಟಿದ್ದರು. ಬಯಲುಸೀಮೆಯಲ್ಲಿ ಅದು ಕಾವಲು, ಊರಂಚಿನಲ್ಲಿ ಗೋಮಾಳ, ಮಲೆನಾಡಿನಲ್ಲಿ ಬ್ಯಾಣ, ಇನ್ನೂ ಕೆಲವೆಡೆ ಹುಲ್ಲುಬನ್ನಿ. ಈ ಹೆಸರುಗಳಲ್ಲಿ ಹುಲ್ಲಿದೆ, ದನವಿದೆ, ಕಾಯುವವನಿದ್ದಾನೆ. ‘ಖರಾಬು’ ಎಂಬಲ್ಲಿ ಇರುವುದು ಒಂದು ತೀರ್ಪು ಮಾತ್ರ. ತೀರ್ಪು ಬಿದ್ದ ನೆಲದಲ್ಲಿ ಮರ ನೆಡಬಹುದು, ಕಟ್ಟಡ ಎಬ್ಬಿಸಬಹುದು. ಅಲ್ಲಿ ಮೊದಲು ಏನಿತ್ತು ಎಂದು ಕೇಳುವ ಹೊಣೆ ಯಾರ ಮೇಲೂ ಉಳಿಯುವುದಿಲ್ಲ.

ಮೊದಲು ಏನಿತ್ತು ಎಂಬ ಪ್ರಶ್ನೆಗೆ ಶಾಸನಗಳನ್ನು ಕೇಳಬಹುದು. ದಾನ ಕೊಟ್ಟ ನೆಲದ ಎಲ್ಲೆಯಲ್ಲಿ ಯಾವ ಮರವಿತ್ತು, ಯಾವ ಹಳ್ಳ ಹರಿಯುತ್ತಿತ್ತು ಎಂಬುದನ್ನು ಅವು ಹೇಳುತ್ತವೆ. ಆದರೆ ಕನ್ನಡ ಶಾಸನಗಳು ಹಿಂದಕ್ಕೆ ಹೋಗುವುದು ಸುಮಾರು ಒಂದೂವರೆ ಸಾವಿರ ವರ್ಷ. ಕಾಡು ಮತ್ತು ಹುಲ್ಲುಗಾವಲುಗಳ ವ್ಯಾಜ್ಯಕ್ಕೆ ಅಷ್ಟು ಕಾಲ ಸಾಲದು. ಅದಕ್ಕಿಂತ ಹಿಂದಿನ ದಾಖಲೆಯನ್ನು ದಕ್ಷಿಣ ಭಾರತದಲ್ಲಿ ಇಟ್ಟುಕೊಂಡಿರುವುದು ಎತ್ತರದ ಬೆಟ್ಟಗಳ ಜೌಗು. ಕನ್ನಡ ನಾಡಿನಿಂದ ತುಸು ದೂರದ ಪಳನಿ ಬೆಟ್ಟಗಳಲ್ಲಿಯೂ ನೀಲಗಿರಿಯಲ್ಲಿಯೂ ಆ ದಾಖಲೆಯನ್ನು ಬಿಚ್ಚಿ ಓದಲಾಗಿದೆ.

ದಿಂಡಿಗಲ್ಲಿನಿಂದ ಪಶ್ಚಿಮಕ್ಕೆ ನೋಡಿದರೆ ಬಯಲಿನಿಂದ ಒಮ್ಮೆಗೇ ಮೇಲೇಳುವ ಗೋಡೆಯಂತೆ ಪಳನಿ ಬೆಟ್ಟಗಳು ಕಾಣುತ್ತವೆ. ಅವುಗಳ ನೆತ್ತಿ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರುಗಳಿಗೂ ಮೇಲಿದೆ. ಕೊಡೈಕೆನಾಲ್ ಇರುವುದು ಅಲ್ಲಿ. ಬೆಟ್ಟದ ದಕ್ಷಿಣದ ತಪ್ಪಲಲ್ಲಿ ಪೆರಿಯಕುಳಂ, ಬೋಡಿ, ತೇನಿ. ತೇನಿಯಿಂದ ನೈರುತ್ಯಕ್ಕೆ ಚಾಚಿಕೊಂಡಿರುವುದು ಕಂಬಂ ಕಣಿವೆ. ಅದರ ಒಂದು ಪಕ್ಕದಲ್ಲಿ ಕೇರಳದ ಏಲಕ್ಕಿ ಬೆಟ್ಟಗಳು, ಇನ್ನೊಂದು ಪಕ್ಕದಲ್ಲಿ ಮೇಘಮಲೆ. 1895ರಲ್ಲಿ ಪೆರಿಯಾರ್ ಅಣೆಕಟ್ಟಿನ ನೀರನ್ನು ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಿದ ಮೇಲೆ ಈ ಕಣಿವೆ ಗದ್ದೆ, ತೆಂಗು, ದ್ರಾಕ್ಷಿಗಳ ಸೀಮೆಯಾಯಿತು.

ಈ ಕಣಿವೆಗೆ ಕನ್ನಡದ ನಂಟಿದೆ. ಕಂಬಂ ಮತ್ತು ಸುತ್ತಲ ಊರುಗಳಲ್ಲಿ ಕಪ್ಪಿಲಿಯರ್ ಎಂದು ಕರೆಯಲ್ಪಡುವ ಕೃಷಿಕ ಸಮುದಾಯದ ಮನೆಮಾತು ಕನ್ನಡ. ಹಲವು ತಲೆಮಾರುಗಳ ಹಿಂದೆ ಉತ್ತರದಿಂದ ದಬ್ಬಾಳಿಕೆಗೆ ಅಂಜಿ ದನಕರುಗಳೊಡನೆ ಬಂದವರು ತಾವು ಎಂಬುದು ಅವರಲ್ಲಿ ಉಳಿದ ನೆನಪು. 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತ ಸಂಪುಟಗಳನ್ನು ಪ್ರಕಟಿಸಿದ ಎಡ್ಗರ್ ಥರ್ಸ್ಟನ್ ಕಂಬಂನ ಒಂದು ಪವಿತ್ರ ಮಂದೆಯನ್ನು ವರ್ಣಿಸುತ್ತಾನೆ. ಆ ಮಂದೆಯ ಹೆಸರು ‘ದೇವರ ಆವು’. ಅದರ ನಾಯಕ ‘ಪಟ್ಟದ ಆವು’. ನಾಯಕನಾದ ಹೋರಿ ಸತ್ತರೆ ಮಂದೆಯ ಮುಂದೆ ಕಬ್ಬಿನ ಹೊರೆ ಇಡುತ್ತಾರೆ. ಮೊದಲು ಬಂದು ಕಬ್ಬಿಗೆ ಬಾಯಿ ಹಾಕಿದ ಹೋರಿಗೆ ಪಟ್ಟ. ಹಳಗನ್ನಡದ ‘ಆವು’ ಎಂಬ ಪದವನ್ನು ಪಠ್ಯದಲ್ಲಿ ಮಾತ್ರ ಕಂಡ ವಿದ್ಯಾರ್ಥಿಗೆ ಅದು ತಮಿಳುನಾಡಿನ ಕಣಿವೆಯೊಂದರಲ್ಲಿ ದೇವರ ಮಂದೆಯ ಹೆಸರಾಗಿ ಬದುಕಿತ್ತೆಂಬುದು ಸಣ್ಣ ಸುದ್ದಿಯಲ್ಲ. ಇಲ್ಲಿ ಅದಕ್ಕೆ ಇನ್ನೊಂದು ಮಹತ್ವವೂ ಇದೆ. ದನಕ್ಕೆ ಪಟ್ಟ ಕಟ್ಟಿದ ಜನ ಹುಲ್ಲನ್ನು ಹಾಳು ಎಂದು ಕರೆಯಲಾರರು.

ಆದರೆ ಬೆಟ್ಟದ ಮೇಲಿನ ಹುಲ್ಲಿನ ವಿಷಯದಲ್ಲಿ ಬೇರೆಯವರ ಮಾತು ನಡೆಯಿತು. ಪಳನಿ, ನೀಲಗಿರಿ, ಆನೆಮಲೆಗಳ ನೆತ್ತಿಯಲ್ಲಿ ಎರಡು ಬಗೆಯ ಸಸ್ಯಲೋಕಗಳು ಅಕ್ಕಪಕ್ಕದಲ್ಲಿವೆ. ಕಣಿವೆಯ ಮಡಿಕೆಗಳಲ್ಲಿ ಗಿಡ್ಡ ಮರಗಳ, ಪಾಚಿ ಹೊದ್ದ, ಸದಾ ಹಸುರಾದ ಶೋಲ ಕಾಡು. ಅದರಾಚೆಗೆ ಗುಡ್ಡಗಳ ಮೈತುಂಬ ಹುಲ್ಲು. ಎರಡರ ನಡುವಿನ ಗೆರೆ ಕತ್ತರಿಸಿಟ್ಟಷ್ಟು ಸ್ಪಷ್ಟ. ಕುದುರೆಮುಖ, ಬಾಬಾಬುಡನ್‌ಗಿರಿಗಳನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಇದನ್ನು ಕಂಡ ಬ್ರಿಟಿಷ್ ಕಾಲದ ಅರಣ್ಯಾಧಿಕಾರಿಗಳಿಗೆ ಒಂದು ಸಂಶಯ ಹುಟ್ಟಿತು. ಇಷ್ಟು ಮಳೆ ಬೀಳುವ ನೆಲದಲ್ಲಿ ಕಾಡೇ ತುಂಬಿರಬೇಕಿತ್ತು. ಹುಲ್ಲು ಇರುವುದಾದರೆ ಯಾರೋ ಕಾಡನ್ನು ಸುಟ್ಟಿರಬೇಕು, ದನ ಎಮ್ಮೆಗಳನ್ನು ಮೇಯಿಸಿ ಮರ ಏಳದಂತೆ ಮಾಡಿರಬೇಕು. 1938ರಲ್ಲಿ ಎನ್. ಎಲ್. ಬೋರ್ ನೀಲಗಿರಿಯ ಹುಲ್ಲುಗಾವಲನ್ನು ಬೆಂಕಿ ಮತ್ತು ಮೇವಿನ ಫಲವೆಂದೇ ವಾದಿಸಿದರು. ಅದೇ ವರ್ಷ ಸಿ. ಆರ್. ರಂಗನಾಥನ್ ಇದಕ್ಕೆ ವಿರುದ್ಧವಾದ ನಿಲುವನ್ನು ಮುಂದಿಟ್ಟರು. ಚಳಿಗಾಲದ ಇರುಳಿನಲ್ಲಿ ಬಯಲಲ್ಲಿ ಬೀಳುವ ಇಬ್ಬನಿ ಹೆಪ್ಪುಗಟ್ಟಿ ಶೋಲದ ಮರಗಳ ಸಸಿಗಳನ್ನು ಕೊಲ್ಲುತ್ತದೆ. ಆದ್ದರಿಂದ ಹುಲ್ಲು ಅಲ್ಲಿ ಸಹಜವಾಗಿಯೇ ನಿಂತಿದೆ ಎಂಬುದು ಅವರ ವಾದ.

ಮೇಲುನೋಟಕ್ಕೆ ಇದು ಪಂಡಿತರ ಚರ್ಚೆ. ಅದರ ಒಳಗೆ ಮಾತ್ರ ಒಂದು ಆರೋಪವಿತ್ತು, ಆರೋಪಿಗಳೂ ಇದ್ದರು. ಎಮ್ಮೆಗಳ ತೋದರು, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರು, ತಪ್ಪಲಿನಿಂದ ಮಂದೆ ಏರಿಸುವ ದನಗಾಹಿಗಳು, ಇವರೆಲ್ಲರೂ ಕಾಡನ್ನು ಕೆಡಿಸಿದವರೆಂಬ ಸಾಲಿನಲ್ಲಿ ನಿಂತರು. ಹುಲ್ಲು ಮನುಷ್ಯ ಮಾಡಿದ ಗಾಯವಾದರೆ ಅದನ್ನು ಮರ ನೆಟ್ಟು ಮಾಯಿಸುವುದು ಪುಣ್ಯಕಾರ್ಯವಾಗುತ್ತದೆ. ಆ ಹೆಸರಿನಲ್ಲಿಯೇ ಬೆಟ್ಟದ ಹುಲ್ಲಿನ ಮೇಲೆ ಆಸ್ಟ್ರೇಲಿಯದ ವಾಟಲ್, ನೀಲಗಿರಿ ಮರ, ಪೈನ್‌ಗಳು ಬಂದವು. ಚರ್ಮ ಹದಮಾಡಲು ವಾಟಲ್ ತೊಗಟೆ, ಕಾರ್ಖಾನೆಗಳಿಗೆ ಮರದ ತಿರುಳು ಎಂಬ ಲಾಭದ ಲೆಕ್ಕವೂ ಅದರ ಜೊತೆಗಿತ್ತು.

ಈ ವ್ಯಾಜ್ಯದಲ್ಲಿ ಸಾಕ್ಷಿ ಹೇಳಲು ಮನುಷ್ಯರು ಯಾರೂ ಇರಲಿಲ್ಲ. ಸಾಕ್ಷಿ ಇದ್ದದ್ದು ಗುಡ್ಡಗಳ ನಡುವಿನ ತಗ್ಗುಗಳಲ್ಲಿ. ಎತ್ತರದ ಬೆಟ್ಟಗಳ ತಗ್ಗಿನಲ್ಲಿ ನೀರು ಹರಿದುಹೋಗದೆ ನಿಂತಾಗ ಜೌಗು ಹುಟ್ಟುತ್ತದೆ. ಅಲ್ಲಿ ಸತ್ತ ಹುಲ್ಲು, ಎಲೆ, ಬೇರುಗಳು ಪೂರ್ತಿ ಕೊಳೆಯುವುದಿಲ್ಲ. ತಂಪು, ಹುಳಿ, ಪ್ರಾಣವಾಯುವಿನ ಕೊರತೆ, ಈ ಮೂರೂ ಸೇರಿ ಕೊಳೆಸುವ ಸೂಕ್ಷ್ಮಜೀವಿಗಳ ಕೈ ಕಟ್ಟುತ್ತವೆ. ವರ್ಷ ವರ್ಷವೂ ಒಂದು ತೆಳುಪದರ ಸೇರಿ ಸಾವಿರಾರು ವರ್ಷಗಳಲ್ಲಿ ಕಪ್ಪು ಸಸ್ಯಕರ್ದಮವಾಗುತ್ತದೆ. ಕೊಡೈಕೆನಾಲಿನ ಪ್ರಸಿದ್ಧ ಕೆರೆ ಇಂಥ ಜೌಗು ನೆಲವೊಂದಕ್ಕೆ 1863ರಲ್ಲಿ ವಿಯರ್ ಲೆವಿಂಜ್ ಎಂಬ ಅಧಿಕಾರಿ ಒಡ್ಡು ಕಟ್ಟಿಸಿದ್ದರಿಂದ ಆದದ್ದು. ಅಲ್ಲಿಂದ ಮುಂದೆ ಕಾಡಿನೊಳಗಿನ ಬೇರಿಜಂ ಕೆರೆಯೂ ಒಂದು ದೊಡ್ಡ ಜೌಗಿನ ಮೇಲೆ ನಿಂತ ನೀರು. ಆ ಜೌಗನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಂಡ ಡಗ್ಲಸ್ ಹ್ಯಾಮಿಲ್ಟನ್ ಎಂಬ ಸೈನ್ಯಾಧಿಕಾರಿ, ಬಹಳ ಹಿಂದೆ ಅಲ್ಲೊಂದು ಕೆರೆಯೇ ಇದ್ದಿರಬೇಕೆಂದು ಊಹಿಸಿದ್ದ. ನೆಲವನ್ನು ನೋಡಿ ಗತವನ್ನು ಊಹಿಸುವುದು ಹೊಸ ವಿದ್ಯೆಯಲ್ಲ. ಊಹೆಯನ್ನು ಪುರಾವೆಯಾಗಿ ಮಾಡುವ ಕ್ರಮ ಮಾತ್ರ ಇಪ್ಪತ್ತನೆಯ ಶತಮಾನದ್ದು.

ಆ ಕ್ರಮದ ಮೊದಲ ಕೀಲಿಕೈ ಪರಾಗ. ಹೂವಿನ ಧೂಳಿಯ ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ಸಣ್ಣದು. ಅದರ ಹೊರಕವಚ ಮಾತ್ರ ಸಸ್ಯಲೋಕದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತುಗಳಲ್ಲೊಂದು. ಕೆಸರಿನ ಮಾದರಿಯನ್ನು ಉಗ್ರ ಆಮ್ಲಗಳಲ್ಲಿ ಕುದಿಸಿದರೆ ಮರಳು ಕರಗುತ್ತದೆ, ಎಲೆಯ ನಾರು ಕರಗುತ್ತದೆ, ಪರಾಗ ಉಳಿಯುತ್ತದೆ. ಒಂದೊಂದು ಗಿಡದ ಪರಾಗಕ್ಕೂ ಅದರದೇ ಆಕಾರ, ರಂಧ್ರ, ಮುಳ್ಳು, ಕೆತ್ತನೆ. ಸೂಕ್ಷ್ಮದರ್ಶಕದ ಕೆಳಗೆ ಅವನ್ನು ಗುರುತಿಸಿ, ಎಣಿಸಿ, ಪದರದಿಂದ ಪದರಕ್ಕೆ ಯಾವುದು ಹೆಚ್ಚಿತು ಯಾವುದು ತಗ್ಗಿತು ಎಂದು ಚಿತ್ರಿಸಬಹುದೆಂದು 1916ರಲ್ಲಿ ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ ತೋರಿಸಿಕೊಟ್ಟ. ಎರಡನೆಯ ಕೀಲಿಕೈ ಕಾಲದ್ದು. 1949ರ ಹೊತ್ತಿಗೆ ಅಮೆರಿಕದ ವಿಲರ್ಡ್ ಲಿಬ್ಬಿ ರೂಪಿಸಿದ ವಿಕಿರಣ ಇಂಗಾಲದ ವಿಧಾನ, ಸತ್ತ ಸಸ್ಯದಲ್ಲಿ ಉಳಿದ ಇಂಗಾಲ-14ರ ಪ್ರಮಾಣದಿಂದ ಅದರ ವಯಸ್ಸನ್ನು ಹೇಳುತ್ತದೆ. ಆ ಇಂಗಾಲ ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧವಾಗುತ್ತ ಹೋಗುವುದರಿಂದ ಸುಮಾರು 50,000 ವರ್ಷಗಳಾಚೆಗೆ ಅಳೆಯಲು ಏನೂ ಉಳಿಯುವುದಿಲ್ಲ.

ಗ್ರಂಥಸಂಪಾದನೆಯ ಪಾಠ ಕೇಳಿದ ಕನ್ನಡ ವಿದ್ಯಾರ್ಥಿಗೆ ಇಲ್ಲಿಂದ ಮುಂದಿನ ದಾರಿ ಪರಿಚಿತವೆನಿಸುತ್ತದೆ. ಓಲೆಗರಿಯ ಪ್ರತಿಯನ್ನು ಹಿಡಿದ ಸಂಪಾದಕ ಏನನ್ನು ಶಂಕಿಸುತ್ತಾನೋ ಕೆಸರಿನ ಕಂಬವನ್ನು ಹಿಡಿದ ವಿಜ್ಞಾನಿಯೂ ಅದನ್ನೇ ಶಂಕಿಸುತ್ತಾನೆ. ಕೆರೆ ಒಣಗಿದ ಶತಮಾನಗಳಲ್ಲಿ ಪದರವೇ ಬಿದ್ದಿರುವುದಿಲ್ಲ, ಅದು ಲೋಪ. ಮೇಲಿನ ಗಿಡದ ಬೇರು ಕೆಳಗಿನ ಪದರಕ್ಕಿಳಿದು ಹೊಸ ಇಂಗಾಲವನ್ನು ಬೆರೆಸಿರುತ್ತದೆ, ಅದು ಪ್ರಕ್ಷೇಪ. ಗಾಳಿಗೆ ಧೂಳಿ ತೂರುವ ಗಿಡಗಳು ಅತಿಯಾಗಿ ಪರಾಗ ಸುರಿಸುತ್ತವೆ. ಕೀಟಗಳನ್ನು ನಂಬಿದ ಮರಗಳು ಮಿತವಾಗಿ. ಹಾಗಾಗಿ ಎಣಿಕೆಯಲ್ಲಿ ಹೆಚ್ಚು ಕಂಡದ್ದು ಕಾಡಿನಲ್ಲಿಯೂ ಹೆಚ್ಚಿತ್ತೆನ್ನಲು ಬರುವುದಿಲ್ಲ. ಹೆಚ್ಚು ಪ್ರತಿಗಳು ಉಳಿದ ಕೃತಿಯೇ ಅದರ ಕಾಲದ ಶ್ರೇಷ್ಠ ಕೃತಿಯೆಂದು ಹೇಳಲಾಗದ ಹಾಗೆ ಇದು. ಆದ್ದರಿಂದ ಇಂದಿನ ಕಾಡಿನ ನೆಲದ ಮೇಲಿನ ಧೂಳನ್ನು ಮೊದಲು ಓದಿ, ಮರಕ್ಕೂ ಪರಾಗಕ್ಕೂ ಇರುವ ಅನುಪಾತವನ್ನು ತಿಳಿದು, ಆಮೇಲೆ ಹಳೆಯ ಪದರಕ್ಕೆ ಇಳಿಯುತ್ತಾರೆ.

ಈ ಓದಿಗೆ ನಿಘಂಟು ಬೇಕು. ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ ಉಷ್ಣವಲಯದ ಗಿಡಗಳ ಪರಾಗಗಳ ಗಾಜಿನ ಪಟ್ಟಿಗಳನ್ನು ಕೂಡಿಸಿ ಅಂಥ ನಿಘಂಟನ್ನು ಕಟ್ಟಿದವರಲ್ಲಿ ಗಣಪತಿ ತಣಿಕೈಮಣಿ ಪ್ರಮುಖರು. 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಅಪಹರಣಕ್ಕೊಳಗಾದ ಪ್ಯಾನ್ ಆಮ್ ವಿಮಾನದಲ್ಲಿ ಅವರು ಹತರಾದರು. ಅವರು ಜೋಡಿಸಿದ ಸಂಗ್ರಹವನ್ನು ಮುಂದಿನವರು ಓದಿಗೆ ಬಳಸುತ್ತ ಬಂದಿದ್ದಾರೆ. ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಿಷ್ಣು ಮಿತ್ರೆ ಮತ್ತು ಎಚ್. ಪಿ. ಗುಪ್ತ ಅವರು 1970ರ ಸುಮಾರಿಗೆ ನೀಲಗಿರಿಯ ಜೌಗುಗಳ ಪರಾಗವನ್ನು ಎಣಿಸಿ ಶೋಲ ಕಾಡಿನ ಹುಟ್ಟನ್ನು ಕುರಿತು ಬರೆದರು. 1990ರ ದಶಕದಲ್ಲಿ ಅದೇ ಸಂಸ್ಥೆಯವರು ಪಳನಿ ಬೆಟ್ಟದ ಮರಿಯನ್ ಶೋಲದ ಕೆಸರನ್ನು ಪರಿಶೀಲಿಸಿದರು.

ಪರಾಗಕ್ಕೆ ಒಂದು ಮಿತಿಯಿದೆ. ಹುಲ್ಲುಗಳ ಪರಾಗವೆಲ್ಲ ಹೆಚ್ಚುಕಡಿಮೆ ಒಂದೇ ರೂಪ: ದುಂಡು ಮೈ, ಒಂದೇ ರಂಧ್ರ. ಜೌಗಿನ ಅಂಚಿನ ಹುಲ್ಲು ಯಾವುದು, ಗುಡ್ಡದ ಹುಲ್ಲು ಯಾವುದು ಎಂದು ಅದು ಬಿಡಿಸಿ ಹೇಳಲಾರದು. ಈ ತೊಡಕನ್ನು ಬಿಡಿಸಿದ್ದು ಇಂಗಾಲದ ಇನ್ನೊಂದು ರೂಪ. ಮರಗಳೂ ಈ ಬೆಟ್ಟಗಳ ಬಹುಪಾಲು ಹುಲ್ಲುಗಳೂ ಗಾಳಿಯಿಂದ ಇಂಗಾಲವನ್ನು ಹಿಡಿಯುವ ಬಗೆ ಬೇರೆ ಬೇರೆ. ಒಣಹವೆಗೆ ಒಗ್ಗಿದ ಹುಲ್ಲುಗಳ ದೇಹದಲ್ಲಿ ತುಸು ಭಾರದ ಇಂಗಾಲ-13ರ ಪಾಲು ಮರಗಳಲ್ಲಿರುವುದಕ್ಕಿಂತ ಹೆಚ್ಚು. ಗಿಡ ಸತ್ತು ಕರ್ದಮವಾದ ಮೇಲೂ ಆ ಅನುಪಾತ ಅಳಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಮತ್ತು ಆರ್. ಕೆ. ಪಂತ್, ಲಖನೌದ ಜಿ. ರಾಜಗೋಪಾಲನ್, ಈ ನಾಲ್ವರು ನೀಲಗಿರಿಯ ಜೌಗಿನ ಪದರಗಳಲ್ಲಿ ಇದನ್ನು ಅಳೆದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1997ರಲ್ಲಿ ದಾಖಲೆಯನ್ನು ಸುಮಾರು 40,000 ವರ್ಷಗಳವರೆಗೆ ಹಿಂದಕ್ಕೆ ಒಯ್ದರು.

ಅವರು ಓದಿದ ಕಥೆ ಸ್ಥೂಲವಾಗಿ ಹೀಗಿದೆ. ಸುಮಾರು 20,000 ವರ್ಷಗಳ ಹಿಂದೆ ಭೂಮಿಯ ಉತ್ತರಭಾಗ ಹಿಮದಡಿಯಲ್ಲಿದ್ದಾಗ ಇಲ್ಲಿ ಮುಂಗಾರು ಸೊರಗಿತ್ತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಂದಿನ ಅರ್ಧಕ್ಕಿಂತಲೂ ಕಡಿಮೆಯಿತ್ತು. ಅದೂ ಹುಲ್ಲಿನ ಪರವಾಗಿತ್ತು. ಬೆಟ್ಟದ ನೆತ್ತಿಯಲ್ಲಿ ಹುಲ್ಲು ಹರಡಿತು. ಹಿಮ ಕರಗತೊಡಗಿದ ಮೇಲೆ ಮುಂಗಾರು ಬಲಿಯಿತು. ಸುಮಾರು 10,000 ವರ್ಷಗಳ ಹಿಂದಿನ ಪದರಗಳಲ್ಲಿ ತೇವ ಬೇಡುವ ಸಸ್ಯಗಳ ಗುರುತು ಹೆಚ್ಚುತ್ತದೆ. ಸುಮಾರು 6,000 ವರ್ಷಗಳಿಂದೀಚೆಗೆ ಮತ್ತೆ ಒಣಹವೆ. ಸುಮಾರು 600 ವರ್ಷಗಳ ಹಿಂದೆ ಅಲ್ಪಕಾಲದ ಒಂದು ತೇವದ ಅವಧಿ. ಕನ್ನಡ ಕರಾವಳಿಯ ಸಾಕ್ಷ್ಯವೂ ಇದಕ್ಕೆ ದೂರದ್ದಲ್ಲ. ಕಾರವಾರದ ಎದುರಿನ ಕಡಲ ತಳದಿಂದ ತೆಗೆದ ಕೆಸರನ್ನು ಓದಿದ ಸಿ. ಕಾರತಿನಿ ಮತ್ತು ಸಂಗಡಿಗರು, ಸುಮಾರು 3,500 ವರ್ಷಗಳಿಂದೀಚೆಗೆ ಘಟ್ಟದ ಹವೆ ಮೊದಲಿನಷ್ಟು ತೇವವಾಗಿ ಉಳಿಯಲಿಲ್ಲವೆಂದು 1990ರ ದಶಕದಲ್ಲಿ ತೋರಿಸಿದರು.

ಹೀಗೆ ಬೆಟ್ಟದ ಹುಲ್ಲು ಈ ದಾಖಲೆಯ ಹಳೆಯ ಪುಟಗಳಲ್ಲಿಯೇ ಇದೆ. ದಕ್ಷಿಣ ಭಾರತದ ಮೊದಲ ದನಗಾಹಿಗಳ ಗುರುತುಗಳಾದ ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳಿಗೆ ಹೆಚ್ಚೆಂದರೆ ಐದು ಸಾವಿರ ವರ್ಷ. ಅವರ ಮೊದಲ ಹಸು ಮೇಯುವುದಕ್ಕೆ ಹದಿನೈದು ಸಾವಿರ ವರ್ಷಗಳ ಹಿಂದೆಯೇ ನೀಲಗಿರಿಯ ಗುಡ್ಡಗಳಲ್ಲಿ ಹುಲ್ಲಿತ್ತು. ತೋದರ ಎಮ್ಮೆಯಾಗಲಿ ತಪ್ಪಲಿನ ಮಂದೆಯಾಗಲಿ ಅದನ್ನು ಹುಟ್ಟಿಸಿದ್ದಲ್ಲ.

ಜೌಗು ಹೇಳಿದ್ದಕ್ಕಿಂತ ಹೆಚ್ಚನ್ನು ಅದರ ಬಾಯಿಗೆ ಹಾಕುವುದೂ ತಪ್ಪಾದೀತು. ಮನುಷ್ಯ ಬಂದ ಮೇಲೆ ಬೆಂಕಿ ಹಾಕಲಿಲ್ಲವೆಂದು ಅದು ಹೇಳುವುದಿಲ್ಲ. ಈಚಿನ ಸಾವಿರಾರು ವರ್ಷಗಳಲ್ಲಿ ಕೆಲವು ಕಡೆ ಕಾಡಿನ ಅಂಚು ಹಿಂದೆ ಸರಿದದ್ದರಲ್ಲಿ ಕೊಡಲಿಗೂ ಕಿಡಿಗೂ ಪಾಲಿರಬಹುದು. ಇಂದಿನ ಮೇವಿನ ತಕರಾರುಗಳಿಗೂ ಅದರಲ್ಲಿ ಉತ್ತರವಿಲ್ಲ. 2021ರಲ್ಲಿ ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಯಿತು; 2022ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅಂಥ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. ತೇನಿ ಜಿಲ್ಲೆಯ ಮಲೆಮಾಡುಗಳನ್ನು ಸಾಕುವವರಿಗೆ ಇದು ಬದುಕಿನ ಪ್ರಶ್ನೆ. ಹುಲಿಗೆ ನೆಲೆ ಬೇಕೆನ್ನುವವರ ವಾದಕ್ಕೂ ತೂಕವಿದೆ. ಇಪ್ಪತ್ತು ಸಾವಿರ ವರ್ಷದ ಕೆಸರು ಇವರಿಬ್ಬರ ನಡುವೆ ತೀರ್ಪು ಕೊಡಲಾರದು. ಅದು ತೆಗೆದುಹಾಕಿದ್ದು ಹಳೆಯ ಕಳಂಕವೊಂದನ್ನು: ಹುಲ್ಲು ಕಾಡಿನ ಶವವಲ್ಲ, ದನಗಾಹಿ ಅದರ ಕೊಲೆಗಾರನಲ್ಲ.

ಸಾಕ್ಷ್ಯ ಬಂದದ್ದು ತಡವಾಗಿ. ಉಪಗ್ರಹ ಚಿತ್ರಗಳನ್ನು ಹೋಲಿಸಿ ಎಂ. ಅರಸುಮಣಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಳನಿ ಬೆಟ್ಟಗಳ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ನಾಲ್ಕು ದಶಕಗಳಲ್ಲಿ ಇಲ್ಲವಾಯಿತು. ಅದರ ಜಾಗಕ್ಕೆ ಮುಖ್ಯವಾಗಿ ನೆಡುತೋಪುಗಳೂ ಬೇಸಾಯವೂ ಬಂದವು. ಹನ್ನೆರಡು ವರ್ಷಗಳಿಗೊಮ್ಮೆ ಬೆಟ್ಟವನ್ನು ನೀಲಿಯಾಗಿಸುವ ಕುರಿಂಜಿಯ ನೆಲೆ ಆ ಹುಲ್ಲು. ತಮಿಳು ಸಂಗಂ ಕಾವ್ಯದ ಐದು ತಿಣೈಗಳಲ್ಲಿ ಮಲೆಯ ತಿಣೈಗೆ ಹೆಸರು ಕೊಟ್ಟ ಹೂವು ಅರಳಲು ಬೇಕಾದ ನೆಲವನ್ನು ಒಂದು ತಲೆಮಾರಿನೊಳಗೆ ತೋಪು ನುಂಗಿತು. ಹವಾಮಾನ ಕೆಡುತ್ತಿರುವ ಈ ಕಾಲದಲ್ಲಿ ಮರ ನೆಡುವ ಉತ್ಸಾಹ ಎಲ್ಲೆಡೆ ಇದೆ. ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು ಎಂಬ ವಿವೇಚನೆಗೆ ಜೌಗಿನ ಓದು ನೆರವಾದೀತು.

ಓದಲು ಜೌಗು ಉಳಿಯಬೇಕು. ಕಾಲುವೆ ತೋಡಿ ನೀರಿಳಿಸಿದರೆ ಕರ್ದಮಕ್ಕೆ ಗಾಳಿ ತಗಲುತ್ತದೆ. ಸಾವಿರಾರು ವರ್ಷ ಕೊಳೆಯದೆ ಉಳಿದದ್ದು ಕೊಳೆಯತೊಡಗಿ ಅದರ ಇಂಗಾಲ ಆಕಾಶಕ್ಕೆ ಮರಳುತ್ತದೆ. ಓಲೆಗರಿಯ ಕಟ್ಟಿಗೆ ಗೆದ್ದಲು ಹತ್ತಿದಂತೆ ಪದರಗಳು ಒಂದೊಂದಾಗಿ ಅಳಿಯುತ್ತವೆ. ಅಲ್ಲಿ ಕಳೆದುಹೋಗುವುದು ದಾಖಲೆ ಮಾತ್ರವೂ ಅಲ್ಲ. ಹುಲ್ಲೂ ಜೌಗೂ ಮಳೆಯ ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ದಿಂಡಿಗಲ್ ಜಿಲ್ಲೆಯ ಬೆಟ್ಟದ ಮೇಲಿನ ಬೇರಿಜಂ ಕೆರೆಯ ನೀರು ತೇನಿ ಜಿಲ್ಲೆಯ ಪೆರಿಯಕುಳಂನವರಿಗೆ ಕುಡಿಯುವ ನೀರು.

ಕನ್ನಡ ವಿಭಾಗದ ವಿದ್ಯಾರ್ಥಿ ಕೆಸರಿನ ಕಂಬವನ್ನು ಕೊರೆಯಬೇಕಾಗಿಲ್ಲ. ಅವನ, ಅವಳ ಪಾಲಿಗೆ ಇನ್ನೊಂದು ಪದರವಿದೆ. ಕಂಬಂ ಕಣಿವೆಯ ಕನ್ನಡದಲ್ಲಿ, ನೀಲಗಿರಿಯ ಬಡಗ ನುಡಿಯಲ್ಲಿ, ಕುದುರೆಮುಖದ ತಪ್ಪಲಿನ ಮಾತಿನಲ್ಲಿ ಹುಲ್ಲಿಗೆ, ಜೌಗಿಗೆ, ಮೇವಿನ ನೆಲಕ್ಕೆ ಎಷ್ಟು ಹೆಸರುಗಳಿವೆ, ಯಾವ ಹೆಸರು ಯಾವ ಬಗೆಯ ನೆಲಕ್ಕೆ ಸಲ್ಲುತ್ತದೆ ಎಂಬುದು ದನ ಕಾಯ್ದ ಹಿರಿಯರಿಗೆ ಗೊತ್ತು. ಕ್ಷೇತ್ರಕಾರ್ಯದ ಪುಸ್ತಕದಲ್ಲಿ ಆ ಹೆಸರುಗಳನ್ನು ಒಂದೊಂದಾಗಿ, ನೆಲದ ವಿವರದೊಡನೆ ಬರೆದುಕೊಂಡರೆ, ‘ಖರಾಬು’ ಎಂದು ಬರೆಯಲು ಹೊರಟ ಕೈಗೆ ಬೇರೆ ಪದಗಳಾದರೂ ಸಿಕ್ಕಾವು.